ಷರಾ: ವ್ಯರ್ಥ

ನಮ್ಮ ಮನೆಯಲ್ಲಿ ಅವ್ವನ ಸರಿಯಾದ ಫೋಟೋ ಇರುವುದು ಒಂದೇ ಒಂದು. ಅದರಲ್ಲಿ ಅವ್ವ ಇಲ್ಲ.

ಇದೇನು ಒಗಟಲ್ಲ. ನಡುಮನೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡು ಕೂತಿರುವ ಆ ಚಿತ್ರವನ್ನು ಮಾಡಿಸಿದ್ದು 1983ರಲ್ಲಿ, ಅವ್ವ ಹೋದ ಒಂಬತ್ತನೆಯ ದಿನ, ಅಹಮದಾಬಾದಿನ ಒಂದು ಸ್ಟುಡಿಯೋದಲ್ಲಿ. ಅಪ್ಪನ ಬ್ಯಾಂಕಿನವರು ಯಾವುದೋ ಫಾರ್ಮಿಗೆ ಅಂಟಿಸಲು ಕೇಳಿದ್ದ ಅಂಚೆಚೀಟಿಯಷ್ಟು ಭಾವಚಿತ್ರವೊಂದು ಉಳಿದಿತ್ತು. ಅದನ್ನೇ ಹಿಗ್ಗಿಸಿ, ಮಸುಕಾದಲ್ಲೆಲ್ಲ ಕುಂಚ ಆಡಿಸಿ, ತುಟಿಗೆ ಕೆಂಪು, ಸೀರೆಗೆ ನೀಲಿ ಬಳಿದು ಕಟ್ಟು ಹಾಕಿಸಿ ಕೊಟ್ಟರು. ಆ ನೀಲಿ ಸೀರೆ ಅವ್ವನ ಪೆಟ್ಟಿಗೆಯಲ್ಲಿ ಎಂದೂ ಇರಲಿಲ್ಲ. ಅಷ್ಟು ನೆಟ್ಟಗೆ ಅವಳು ಯಾರ ಮುಂದೆಯೂ ಕೂತವಳಲ್ಲ. ಹನ್ನೊಂದು ವರ್ಷದ ತಂಗಿ ಫೋಟೋ ಬಿಚ್ಚಿದ ಕೂಡಲೇ ಕೇಳಿದ್ದಳು: "ಇವರು ಯಾರು?"

ಫೋಟೋ ತೆಗೆಸುವ ರೂಢಿಯೇ ಇಲ್ಲದ ಮನೆಯಾಗಿದ್ದರೆ ಬೇರೆ ಮಾತು. ನಮ್ಮ ಅಪ್ಪ ಎಂಟು ವರ್ಷಗಳಲ್ಲಿ ಅವ್ವನ ಫೋಟೋಗಳನ್ನು ನೂರಾರು ತೆಗೆದಿದ್ದರು. ಅಂದು ಟ್ರಂಕು ಬೋರಲು ಹಾಕಿ ಹುಡುಕಿದಾಗ ಸಿಕ್ಕಿದ್ದೇನು? ಒಂದರಲ್ಲಿ ಅವ್ವನ ಬೆನ್ನು. ಒಂದರಲ್ಲಿ ಅಂಗೈ. ಒಂದರಲ್ಲಿ ಗಾಳಿಗೆ ಹಾರಿದ ಸೆರಗು, ಸೆರಗಿನ ಹಿಂದೆ ಅವ್ವ ಇದ್ದಾಳೆಂದು ನಂಬಿಕೊಳ್ಳಬೇಕು. ಬಿಡಿಬಿಡಿಯಾಗಿ ಅವ್ವ ಇದ್ದಳು, ಒಟ್ಟಾಗಿ ಇರಲಿಲ್ಲ. ಹಾರ ಹಾಕಲು ಬರುವಂಥದ್ದು ಒಂದೂ ಸಿಗಲಿಲ್ಲ. ಇವಕ್ಕೆಲ್ಲ ಅಪ್ಪ ಇಟ್ಟ ಹೆಸರು 'ಪ್ರಯೋಗ'. ಅವ್ವ ಇಟ್ಟದ್ದು 'ರೊಕ್ಕದ ಹಾಳು'.

ಅಪ್ಪನಿಗೆ ಧಾರವಾಡದಿಂದ ಅಹಮದಾಬಾದಿಗೆ ವರ್ಗವಾದದ್ದು 1974ರಲ್ಲಿ. ಮನೆ ಸಿಕ್ಕಿದ್ದು ನವರಂಗಪುರದಲ್ಲಿ. ಅಲ್ಲಿ ಓಣಿ, ಬಡಾವಣೆ ಎನ್ನುವುದಿಲ್ಲ, 'ಸೊಸೈಟಿ' ಎನ್ನುತ್ತಾರೆ. ನಮ್ಮ ಸೊಸೈಟಿಯಲ್ಲಿ ಹದಿನಾಲ್ಕು ಮನೆ, ನಡುವೆ ಒಂದು ಬೇವಿನ ಮರ, ಮನೆಮನೆಯ ಮುಂದೆ ಕಬ್ಬಿಣದ ಸರಳಿಗೆ ತೂಗುಹಾಕಿದ ಹೀಂಚ್ಕೊ. ನಮ್ಮ ಕಡೆ ಉಯ್ಯಾಲೆ ನಾಗರಪಂಚಮಿಗೆ ಬಂದು ಹೋಗುವ ನೆಂಟ. ಅಲ್ಲಿ ಅದು ಮನೆಯ ಹಿರಿಯ ಸದಸ್ಯ. ಊಟವಾದ ಮೇಲೆ ಮನೆ ಒಡತಿ, ಎಲ್ಲರೂ 'ಬಾ' ಎಂದು ಕರೆಯುತ್ತಿದ್ದ ಮುದುಕಿ, ಅದರಲ್ಲಿ ಕೂತು ಒಂದು ಕಾಲಿನಿಂದ ನೆಲ ಒತ್ತುತ್ತ, ಅವ್ವನಿಗೆ ಗುಜರಾತಿ ಕಲಿಸುತ್ತಿದ್ದರು. ಅವ್ವ ಆರು ತಿಂಗಳಲ್ಲಿ ಕಾಯಿಪಲ್ಯದವನ ಜೊತೆ ಜಗಳವಾಡುವಷ್ಟು ಕಲಿತಳು. ಅಪ್ಪ ಕೊನೆಯವರೆಗೂ 'ಕೇಮ್ ಛೋ' ದಾಟಲಿಲ್ಲ.

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ವಿಕ್ರಮ್ ಸಾರಾಭಾಯಿ 1947ರಲ್ಲಿ ಸ್ಥಾಪಿಸಿದ ಭೌತ ಸಂಶೋಧನಾ ಪ್ರಯೋಗಾಲಯವಿತ್ತು. ಉಡುಪಿ ಕಡೆಯ ಅದಮಾರಿನ ಯು. ಆರ್. ರಾಯರು ಅಲ್ಲಿಯೇ ಸಾರಾಭಾಯಿಯವರ ಕೈಕೆಳಗೆ ಕಲಿತು, ಅಲ್ಲಿಯೇ ಕಲಿಸಿ, ಉಪಗ್ರಹ ಮಾಡಲು 1972ರಲ್ಲಿ ಬೆಂಗಳೂರಿಗೆ ಹೋಗಿದ್ದರು. "ನಮ್ಮವರು ಹೋದ ಮ್ಯಾಲೆ ನಾವು ಬಂದ್ವಿ ನೋಡ್ರಿ" ಎಂದು ಅವ್ವ ಆ ಕಾಂಪೌಂಡಿನ ಮುಂದೆ ಹಾಯುವಾಗಲೆಲ್ಲ ಕೊರಗುತ್ತಿದ್ದಳು, ರಾಯರು ಇದ್ದಿದ್ದರೆ ಸಂಜೆ ಚಹಾಕ್ಕೆ ಬಂದೇ ಬಿಡುತ್ತಿದ್ದರು ಎಂಬಂತೆ.

ಅಪ್ಪ ಕ್ಯಾಮೆರಾ ಕೊಂಡದ್ದು ಮರುವರ್ಷ. ಆಗ್ಫಾ ಕ್ಲಿಕ್ 3. ಹೆಸರು ಜರ್ಮನಿಯದಾದರೂ ಅದನ್ನು ಮಾಡುತ್ತಿದ್ದುದು ಅಲ್ಲೇ ಪಕ್ಕದ ವಡೋದರೆಯಲ್ಲಿ, ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನವರು. ಅಪ್ಪನಿಗೆ ಇದು ದೊಡ್ಡ ಸಮಾಧಾನ. ಪೇಢೆ ಧಾರವಾಡದ್ದು, ಕ್ಯಾಮೆರಾ ಬಡೋದೆಯದ್ದು, ಎರಡನ್ನೂ ಮಾಡುವ ಊರಿನ ಹತ್ತಿರವೇ ಕೊಂಡರೆ ತಾಜಾ ಇರುತ್ತದೆ ಎಂಬ ನಂಬಿಕೆ ಅವರದು. ಅದೊಂದು ಸರಳ ಜೀವ. ಕರಿ ಮೈ, ಒಂದೇ ಕಣ್ಣು, ಬಿಸಿಲಿಗೊಂದು ಮೋಡಕ್ಕೊಂದು ಗುರುತು. 120 ಅಳತೆಯ ಫಿಲ್ಮು, ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರ. ಬೆನ್ನಲ್ಲಿ ಒಂದು ಕೆಂಪು ಕಿಂಡಿ. ಅದರಲ್ಲಿ ಮುಂದಿನ ಅಂಕಿ ಕಾಣಿಸುವವರೆಗೆ ಗುಬ್ಬಿ ತಿರುಗಿಸಬೇಕು. ತಿರುಗಿಸಲು ಮರೆತರೆ ಆ ಕ್ಯಾಮೆರಾ ಏನೂ ಅನ್ನುತ್ತಿರಲಿಲ್ಲ, ತೆಗೆದದ್ದರ ಮೇಲೇ ಮತ್ತೊಂದನ್ನು ತೆಗೆದು ಸುಮ್ಮನಿರುತ್ತಿತ್ತು. ಅಷ್ಟು ಮರ್ಯಾದಸ್ಥ ಯಂತ್ರವನ್ನು ನಾನು ಮತ್ತೆ ಕಂಡಿಲ್ಲ.

ಹನ್ನೆರಡು ಎಂದರೆ ಹನ್ನೆರಡೇ. ಅಪ್ಪ ಬ್ಯಾಂಕಿನ ಮನುಷ್ಯ. ಕ್ಯಾಮೆರಾ ಬಂದ ದಿನವೇ ಒಂದು ಉದ್ದ ಲೆಡ್ಜರು ತಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಅ. ನಂ., ದಿನಾಂಕ, ಸ್ಥಳ, ವಿಷಯ, ಬೆಳಕು, ಷರಾ. 'ವಿಷಯ'ದ ಕಾಲಮ್ಮಿನಲ್ಲಿ ಹೆಚ್ಚಾಗಿ ಒಂದೇ ಅಕ್ಷರ ಇರುತ್ತಿತ್ತು: 'ಸೌ.' ಹೆಂಡತಿಯ ಹೆಸರು ಬರೆಯಲು ಅವರಿಗೆ ಸಂಕೋಚ. 'ಷರಾ'ದಲ್ಲಿಯೂ ಹೆಚ್ಚಾಗಿ ಒಂದೇ ಶಬ್ದ: 'ವ್ಯರ್ಥ.'

ಮೊದಲ ದೊಡ್ಡ ವ್ಯರ್ಥ ಘಟಿಸಿದ್ದು 1976ರ ಬೇಸಿಗೆ ರಜೆಯಲ್ಲಿ. ಧಾರವಾಡದ ಅಜ್ಜಿಯ ಮನೆಯಿಂದ ಹೊರಡುವ ಬೆಳಿಗ್ಗೆ ಟಾಂಗಾ ಬಂದು ನಿಂತಿತ್ತು. ಅಪ್ಪ ರಸ್ತೆಗಿಳಿದು ಮನೆಯ ಒಂದು ಚಿತ್ರ ತೆಗೆದರು. ಮೇಲೆ ಹಂಚು, ನಡುವೆ ತೆರೆದ ಬಾಗಿಲಿನ ಕತ್ತಲೆ, ಕೆಳಗೆ ಬಿಸಿಲಿಗೆ ಬೆಳ್ಳಗಾದ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಮೇಲೆ ಮೊರದಲ್ಲಿ ಒಣಹಾಕಿದ ಸಂಡಿಗೆ. ಅಷ್ಟರಲ್ಲಿ ಅಜ್ಜಿ ಅಳತೊಡಗಿದಳು, ಅವ್ವನೂ ಅತ್ತಳು, ಟಾಂಗಾದವನು ಗಾಡಿ ತಪ್ಪುತ್ತದೆಂದು ಗದರಿದ. ಆ ಗದ್ದಲದಲ್ಲಿ ಅಪ್ಪ ಗುಬ್ಬಿ ತಿರುಗಿಸಲಿಲ್ಲ. ಮೀರಜಿನಲ್ಲಿ ಗಾಡಿ ಬದಲಿಸಿ, ಮುಂಬಯಿಯಲ್ಲಿ ಮತ್ತೊಮ್ಮೆ ಬದಲಿಸಿ ನವರಂಗಪುರ ಮುಟ್ಟಿ, ನಾಲ್ಕು ದಿನ ಬಿಟ್ಟು ಒಂದು ಸಂಜೆ ಹೀಂಚ್ಕೊದ ಮೇಲೆ ಕೂತಿದ್ದ ಅವ್ವನ ಫೋಟೋ ತೆಗೆದರು. ಧಾರವಾಡವೂ ನವರಂಗಪುರವೂ ಏಳನೆಯ ನಂಬರಿನ ಒಂದೇ ಚೌಕದಲ್ಲಿ ಕೂತವು.

ಫಿಲ್ಮಿಗೆ ಒಂದು ಗುಣ ಇದೆ. ಬೆಳಕು ಬಿದ್ದಲ್ಲಿ ಅದು ತುಂಬಿಹೋಗುತ್ತದೆ, ಕತ್ತಲೆ ಇದ್ದಲ್ಲಿ ಖಾಲಿ ಉಳಿದು ಮತ್ತೊಬ್ಬರಿಗೆ ಜಾಗ ಕೊಡುತ್ತದೆ. ಅಜ್ಜಿಯ ಮನೆಯ ಬಾಗಿಲ ಕತ್ತಲೆ ಹಾಗೆ ಖಾಲಿ ಉಳಿದಿತ್ತು. ಅವ್ವನ ಮುಖ ಹೋಗಿ ಸರಿಯಾಗಿ ಅಲ್ಲಿಯೇ ಕೂತಿತು. ಅವ್ವ ಉಟ್ಟ ಕರಿ ಇಳಕಲ್ ಸೀರೆ ಖಾಲಿ ಇತ್ತು, ಅದರೊಳಗೆ ಮೆಟ್ಟಿಲುಗಳೂ ಸಂಡಿಗೆಯ ಮೊರವೂ ಬಂದಿಳಿದವು. ಬೆಳ್ಳಗಿನ ಆಕಾಶದಲ್ಲಿ ಹೀಂಚ್ಕೊದ ಸರಳುಗಳು ಅರೆಬರೆ ಕಾಣುತ್ತಿದ್ದವು, ಯಾವ ಊರಿನ ಯಾವ ಮಾಡಿಗೆ ತೂಗಿವೆಯೋ ತಿಳಿಯದಂತೆ.

ಅಪ್ಪ ತಲೆಗೆ ಕೈಹೊತ್ತು ಕೂತರು. ಅವ್ವ ಮಾತ್ರ ಆ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇದು ಛಲೋ ಬಂದದ ಬಿಡ್ರಿ. ನಾ ಎರಡೂ ಕಡೆ ಇದ್ದೀನಿ." ಬಂದ ಒಂದೇ ಪ್ರತಿಯನ್ನು ಲಕೋಟೆಗೆ ಹಾಕಿ ಅಜ್ಜಿಗೆ ಕಳಿಸಿಬಿಟ್ಟಳು. ಮುಂದೆ ಅಜ್ಜಿಯೂ ಹೋದಳು, ಮನೆಯೂ ಮಾರಾಟವಾಯಿತು, ಆ ಪ್ರತಿ ಎಲ್ಲಿ ಹೋಯಿತೋ.

ಅಪ್ಪನ ತಲೆಯಲ್ಲಿ ಹುಳ ಹೊಕ್ಕದ್ದು ಆಗಲೇ. ತಪ್ಪಾಗಿ ಬಂದದ್ದನ್ನು ಹೆಂಡತಿ ಮೆಚ್ಚಿದಳಲ್ಲ, ಬೇಕೆಂದೇ ತಪ್ಪು ಮಾಡಿದರೆ ಇನ್ನೆಷ್ಟು ಮೆಚ್ಚಾಳು! ಸಾಬರಮತಿಯ ಪಾತ್ರದಲ್ಲಿ, ಎಲಿಸ್ ಸೇತುವೆಯ ಕೆಳಗೆ ಭಾನುವಾರಕ್ಕೊಮ್ಮೆ ಗುಜರಿ ಬಜಾರು ನೆರೆಯುತ್ತಿತ್ತು. ಎಲ್ಲರೂ ಅದನ್ನು 'ರವಿವಾರಿ' ಎನ್ನುತ್ತಿದ್ದರು. ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೋಂ 1966ರಲ್ಲಿ ಇದೇ ನದಿಯ ಮರಳಿನಲ್ಲಿ ಒಣಗಲು ಹಾಸಿದ ಸೀರೆಗಳ ಉದ್ದುದ್ದ ಪಟ್ಟೆಗಳನ್ನು ಚಿತ್ರವಾಗಿಸಿ ಹೋಗಿದ್ದರೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಪ್ಪನಿಗೆ ಆ ಮರಳಿನಲ್ಲಿ ಸಿಕ್ಕಿದ್ದು ಒಂದು ಹಳೆಯ ಯಾಶಿಕಾ ಕ್ಯಾಮೆರಾ. ಒಂದರ ಮೇಲೊಂದು ಎರಡು ಕಣ್ಣು. ಮೇಲಿನದು ನೋಡಲು, ಕೆಳಗಿನದು ತೆಗೆಯಲು. ಎದೆಯ ಮಟ್ಟದಲ್ಲಿ ಹಿಡಿದು ತಲೆಬಾಗಿ ಅದರ ಬಾವಿಯೊಳಗೆ ಇಣುಕಿದರೆ ಗಾಜಿನ ಮೇಲೆ ಲೋಕ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. "ಸ್ವಲ್ಪ ಬಲಕ್ಕ ಸರಿ" ಅಂತ ಅಪ್ಪ, ಅವ್ವ ಸರಿದರೆ "ಅಲ್ಲಲ್ಲ, ಎಡಕ್ಕ" ಅಂತ ಅಪ್ಪ. "ನಿಮ್ಮ ಬಲ ಯಾವುದು ಅಂತ ಮದಲ ನಿಶ್ಚೈ ಮಾಡ್ಕೋರಿ" ಅಂತ ಅವ್ವ. ಅಷ್ಟರಲ್ಲಿ ಬೆಳಕು ಹೋಗಿರುತ್ತಿತ್ತು.

ಯಾಶಿಕಾದಲ್ಲಿ 'ಬಿ' ಎಂಬ ಗುರುತೊಂದಿತ್ತು. ಒತ್ತಿ ಹಿಡಿದಷ್ಟು ಹೊತ್ತೂ ಕಣ್ಣು ತೆರೆದೇ ಇರುತ್ತದೆ. 1978ರ ನವರಾತ್ರಿಗೆ ಅಪ್ಪ ಅದನ್ನು ಗರಬಾದ ಮೇಲೆ ಪ್ರಯೋಗಿಸಿದರು. ಸೊಸೈಟಿಯ ಅಂಗಳದಲ್ಲಿ, ಬೇವಿನ ಮರದ ಹತ್ತಿರ, ತೂತುತೂತಿನ ಮಣ್ಣಿನ ಗಡಿಗೆಯೊಳಗೆ ದೀಪ ಇಟ್ಟು ಅದರ ಸುತ್ತ ಹೆಂಗಸರು ಚಪ್ಪಾಳೆ ತಟ್ಟುತ್ತ ಸುತ್ತುವರು. ಮೂರುಕಾಲಿನ ಸ್ಟ್ಯಾಂಡ್ ಎಲ್ಲಿಂದ ಬರಬೇಕು? ಸ್ಟೂಲಿನ ಮೇಲೆ ತೊಗರಿಬೇಳೆಯ ಚೀಲ, ಚೀಲದ ಮೇಲೆ ಕ್ಯಾಮೆರಾ. ಅದರೊಳಗೆ ಪೂರ್ವ ಜರ್ಮನಿಯ ಓರ್ವೋ ಫಿಲ್ಮು. ಅಪ್ಪ ಉಸಿರು ಕಟ್ಟಿ ಎಂಟು ಎಣಿಸಿದರು.

ತೊಳೆದು ನೋಡಿದರೆ ಕುಣಿದ ಒಬ್ಬರೂ ಇಲ್ಲ! ನಲವತ್ತು ಹೆಂಗಸರು ಹೊಗೆಯ ಒಂದು ಬಳೆಯಾಗಿ ಹರಿದು ಹೋಗಿದ್ದರು. ಬಳೆಯ ಅಂಚಿನಲ್ಲಿ, ಹೆಜ್ಜೆ ಬಾರದೆ ಸುಮ್ಮನೆ ನಿಂತಿದ್ದ ಅವ್ವ ಒಬ್ಬಳೇ ಕೆತ್ತಿದಂತೆ ಸ್ಪಷ್ಟ. ಜಡೆಯ ಹೆಣಿಕೆ, ಮಲ್ಲಿಗೆಯ ಮೊಗ್ಗು, ಸೆರಗಿನ ಮಡಿಕೆ ಎಲ್ಲ ಎಣಿಸಬಹುದು. ಆದರೆ ಅವಳು ನೋಡುತ್ತಿದ್ದದ್ದು ದೀಪದ ಕಡೆಗೆ. ನಮಗೆ ಬಂದದ್ದು ಬೆನ್ನು. "ಕುಣ್ಯಾಕ ಬರದಾಕಿ ಒಬ್ಬಾಕಿನ ಉಳದಾಳ ನೋಡ್ರಿ" ಎಂದು ಅವ್ವ ನಕ್ಕಳು. ಅಪ್ಪ ಲೆಡ್ಜರಿನಲ್ಲಿ ಬರೆದುಕೊಂಡರು: 'ಮುಖ ಇಲ್ಲ. ವ್ಯರ್ಥ.'

ಫೋಟೋ ತೊಳೆಯಲು ಅಂಗಡಿಗೆ ಕೊಟ್ಟರೆ ಪೂರೈಸುವುದಿಲ್ಲವೆಂದು ನಮ್ಮ ಬಚ್ಚಲುಮನೆಯೇ ರಾತ್ರಿ ಕತ್ತಲೆಕೋಣೆಯಾಗುತ್ತಿತ್ತು. ಕಿಂಡಿಗೆ ಕಂಬಳಿ, ಝೀರೋ ಬಲ್ಬಿಗೆ ಕೆಂಪು ಕಾಗದ. ಮೂರು ತಾಟು. ಒಂದರಲ್ಲಿ ಡೆವಲಪರ್, ಒಂದರಲ್ಲಿ ನೀರು, ಒಂದರಲ್ಲಿ ಹೈಪೋ. ತಾಟುಗಳು ಅಡಿಗೆಮನೆಯವು. "ನಿಮ್ಮ ಔಷಧ ಹಾಕಿದ ತಾಟು ನಾ ಮತ್ತ ಒಳಗ ತರೂದಿಲ್ಲ" ಎಂದು ಅವ್ವ ಅವುಗಳ ಬೆನ್ನಿಗೆ ಮೊಳೆಯಿಂದ ಗೀರಿ ಗುರುತು ಹಾಕಿದ್ದಳು. ಹಿಗ್ಗಿಸುವ ಯಂತ್ರ ಕೊಳ್ಳುವ ಶಕ್ತಿ ಇರಲಿಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಕಾಗದದ ಮೇಲೆ ನೆಗೆಟಿವನ್ನೇ ಒತ್ತಿಟ್ಟು, ಮೇಲೊಂದು ಗಾಜು ಇಟ್ಟು, ಎರಡು ಸೆಕೆಂಡು ಬಿಳಿ ದೀಪ ಹಾಕುವುದು. ನೆಗೆಟಿವ್ ಎಷ್ಟೋ ಫೋಟೋ ಅಷ್ಟೇ. ಹಾಗಾಗಿ ನಮ್ಮ ಮನೆಯ ಫೋಟೋಗಳೆಲ್ಲ ಎರಡೂಕಾಲು ಇಂಚಿನ ಚೌಕಗಳು. ಅವುಗಳಲ್ಲಿ ಅವ್ವನ ಮುಖ ಅವಳ ಹಣೆಯ ಕುಂಕುಮಕ್ಕಿಂತ ದೊಡ್ಡದಾಗಿ ಬಂದದ್ದು ಕಡಿಮೆ.

ತಾಟು ಅಲ್ಲಾಡಿಸುವ ಕೆಲಸ ನನ್ನದು. ಬಿಳಿ ಕಾಗದ ನೀರಿನಲ್ಲಿ ಮಲಗಿರುತ್ತದೆ. ಕೆಂಪು ಬೆಳಕಿನಲ್ಲಿ ಅದೂ ಕೆಂಪು. ಇಪ್ಪತ್ತು ಎಣಿಸುವುದರೊಳಗೆ ಎಲ್ಲೋ ಒಂದು ಕಡೆ ಮಸಿ ಒಸರಿದಂತಾಗುತ್ತದೆ. ಡೆವಲಪರಿನಲ್ಲಿ ಕರಿದು ಮೊದಲು ಬರುತ್ತದೆ, ಬಿಳಿದು ಕೊನೆಗೆ. ಅವ್ವನ ಚಿತ್ರವಾದರೆ ಮೊದಲು ಬರುತ್ತಿದ್ದುದು ಕೂದಲು. ಮುಖವಿಲ್ಲದ ತಲೆಗೂದಲು ಒಂದು ಕ್ಷಣ ನೀರಿನಲ್ಲಿ ತೇಲುತ್ತಿತ್ತು. ಆಮೇಲೆ ಹುಬ್ಬು, ಕಣ್ಣಗೊಂಬೆ, ಕುಂಕುಮ. ಕೆನ್ನೆ ಎಲ್ಲಕ್ಕಿಂತ ತಡ. ಅಪ್ಪ ಚಿಮಟದಿಂದ ಎತ್ತಿ ಹೈಪೋಗೆ ಹಾಕುವಾಗ ನಾನು ಬಾಗಿಲಾಚೆಗೆ ಕೂಗುತ್ತಿದ್ದೆ: "ಅವ್ವಾ, ನೀ ಬಂದಿ!" ಆಚೆಯಿಂದ ಉತ್ತರ: "ಬಂದಿದ್ರ ನೀರು ಸಾಕು ಮಾಡ್ರಿ!"

ನೀರಿನದೇ ಜಗಳ. ಹೈಪೋ ಹೋಗಬೇಕಾದರೆ ಫೋಟೋವನ್ನು ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ನಮಗೆ ನೀರು ಬರುತ್ತಿದ್ದುದು ಹೊತ್ತಿಗೆ ಇಷ್ಟು ಎಂದು, ಅದರಲ್ಲೇ ಕುಡಿಯಲು, ಬಟ್ಟೆಗೆ, ಪಾತ್ರೆಗೆ. ಜಗಳದಲ್ಲಿ ಅವ್ವ ಗೆಲ್ಲುತ್ತಿದ್ದಳು. ಅರ್ಧ ತೊಳೆದ ಫೋಟೋಗಳು ಹಗ್ಗಕ್ಕೇರುತ್ತಿದ್ದವು. ಉಳಿದ ಹೈಪೋ ಕಾಗದದೊಳಗೆ ಕೂತು ಹತ್ತಾರು ವರ್ಷ ನಿಧಾನವಾಗಿ ತನ್ನ ಕೆಲಸ ಮಾಡಿತು. ಇಂದು ನಮ್ಮ ಆಲ್ಬಮ್ಮು ಅರಿಶಿನದ ನೀರಿನಲ್ಲಿ ಅದ್ದಿ ತೆಗೆದಂತಿದೆ. ಅವ್ವನ ಫೋಟೋಗಳನ್ನು ಅಳಿಸುತ್ತಿರುವುದು ಅವ್ವ ಉಳಿಸಿದ ನೀರು.

ಒಣಗಲು ಹಾಕಿದ ನೆಗೆಟಿವ್‌ಗಳು ನನಗೂ ತಂಗಿಗೂ ಆಟದ ಸಾಮಾನು. ಮರುದಿನ ಬೆಳಿಗ್ಗೆ ಅವನ್ನು ಅಂಚಿನಲ್ಲಿ ಹಿಡಿದು ಕಿಟಕಿಗೆ ಎತ್ತಿದರೆ ಲೋಕ ತಲೆಕೆಳಗು. ಆಕಾಶ ಕಪ್ಪು, ಬೇವಿನ ಮರ ಹಿಮದ ಮರ, ಅಪ್ಪನ ಬಿಳಿ ಅಂಗಿ ವಕೀಲರ ಕೋಟು. ಅವ್ವನ ಕೂದಲು ಬೆಳ್ಳಂಬೆಳ್ಳಗೆ. ತಂಗಿ ಕುಣಿಯುತ್ತಿದ್ದಳು: "ಅವ್ವ ಅಜ್ಜಿ ಆಗ್ಯಾಳ! ಅವ್ವ ಅಜ್ಜಿ ಆಗ್ಯಾಳ!" ಅವ್ವ ಒಳಗಿನಿಂದಲೇ, "ಆಗ್ತೀನಿ ಬಿಡವಾ, ನಿನ್ನ ಲಗ್ನ ಒಂದು ಆಗಲಿ" ಎನ್ನುತ್ತಿದ್ದಳು.

1980ರ ಫೆಬ್ರುವರಿ 16ರಂದು ಸೂರ್ಯಗ್ರಹಣ. ಖಗ್ರಾಸವೆಲ್ಲ ನಮ್ಮ ಕರ್ನಾಟಕಕ್ಕೆ, ಅಂಕೋಲೆಯಿಂದ ರಾಯಚೂರಿನವರೆಗೆ. ಅಹಮದಾಬಾದಿಗೆ ಒಂದಿಷ್ಟು ಪಾಲು ಮಾತ್ರ. "ಒಂದು ಗ್ರಹಣ ಸುದ್ದಾ ಪೂರ್ತಿ ಸಿಗೂದಿಲ್ಲ ಈ ಊರಾಗ" ಎಂದು ಅಪ್ಪ ಬೇಸರಿಸಿದರು. ಆ ಮಧ್ಯಾಹ್ನ ನವರಂಗಪುರದ ರಸ್ತೆಗಳು ಬಿಕೋ ಎನ್ನುತ್ತಿದ್ದವು. ಅವ್ವ ಉಪ್ಪಿನಕಾಯಿ ಭರಣಿಗೆ, ನೀರಿನ ಕೊಡಕ್ಕೆ ದರ್ಭೆ ಹಾಕಿ, ಕಿಟಕಿ ಬಾಗಿಲು ಹಾಕಿ ನಮ್ಮನ್ನೆಲ್ಲ ಕೋಣೆಯಲ್ಲಿ ಕೂಡಿಹಾಕಿದಳು. ಹೊರಗೆ ಹೋಗಲು ಅಪ್ಪನಿಗೂ ಪರವಾನಗಿ ಇರಲಿಲ್ಲ.

ಕಿಟಕಿಯ ಹಲಗೆಯಲ್ಲಿ ಒಂದು ಗಂಟು ಉದುರಿ ಕಡಲೆಗಾತ್ರದ ತೂತಾಗಿತ್ತು. ಗ್ರಹಣ ಹಿಡಿಯುತ್ತಿದ್ದಂತೆ ಎದುರು ಗೋಡೆಯ ಮೇಲೆ ಬಿದ್ದಿದ್ದ ಬೆಳಕಿನ ದುಂಡು ಒಂದು ಕಡೆಯಿಂದ ಸವೆಯತೊಡಗಿತು. ಅಪ್ಪ ಎದ್ದು ನಿಂತರು. ತೂತು ದುಂಡಗಿದ್ದರೂ ಗೋಡೆಯ ಮೇಲಿನ ಬೆಳಕು ಕುಡುಗೋಲಾಗಿತ್ತು. ತೂತು ಚಿಕ್ಕದಾದರೆ ಬೀಳುವುದು ತೂತಿನ ಆಕಾರವಲ್ಲ, ಸೂರ್ಯನದೇ ಚಿತ್ರ, ಅದೂ ತಲೆಕೆಳಗಾಗಿ. "ಕ್ಯಾಮೆರಾ ಅಂದ್ರ ಲ್ಯಾಟಿನ್ನಿನ್ಯಾಗ ಕೋಣಿ. ನಾವೀಗ ಕ್ಯಾಮೆರಾದೊಳಗ ಕೂತೀವಿ!" ಎಂದು ಅಪ್ಪ ಕೂಗಿದರು. ಗ್ರಹಣ ನೋಡಬಾರದೆಂದು ಬಾಗಿಲು ಹಾಕಿದವಳ ಮನೆಗೆ ಗ್ರಹಣವೇ ಕಿಂಡಿಯಿಂದ ಬಂದಿತ್ತು. ಅವ್ವ ಒಂದು ಗಳಿಗೆ ಸುಮ್ಮನಿದ್ದು, ಮೆಲ್ಲಗೆ ಎದ್ದು ಹೋಗಿ ಆ ಬೆಳಕಿಗೆ ಅಂಗೈ ಒಡ್ಡಿದಳು. ಹಿಟ್ಟು ನಾದಿ ನಾದಿ ಗೆರೆ ಸವೆದ ಅಂಗೈಯಲ್ಲಿ ಸೂರ್ಯನ ಚೂರು. ಅಪ್ಪ ಯಾಶಿಕಾದ ಕಣ್ಣು ತೆರೆದು ಎಣಿಸಿದರು. ಕೈಗಿಂತ ಆಚೆ ಏನೂ ಬರಲಿಲ್ಲ, ಅಲ್ಲಿ ಅಷ್ಟೇ ಬೆಳಕಿತ್ತು. ಲೆಡ್ಜರು: 'ಗ್ರಹಣ. ಸೌ. ಕೈ 1. ವ್ಯರ್ಥ.'

1983ರ ಆಗಸ್ಟಿನಲ್ಲಿ ಹದಿನೈದು ದಿನದ ಜ್ವರಕ್ಕೆ ಅವ್ವ ಹೋದಳು. ಅವಳಿಗೆ ಮೂವತ್ತೊಂಬತ್ತು. ತಲೆಯಲ್ಲಿ ಒಂದು ಬಿಳಿ ಕೂದಲು ಇರಲಿಲ್ಲ.

ಆಮೇಲೆ ಅಪ್ಪ ಕ್ಯಾಮೆರಾ ಮುಟ್ಟಲಿಲ್ಲ. ಕೇಳಿ ವರ್ಗ ಮಾಡಿಸಿಕೊಂಡು ನಮ್ಮನ್ನು ಧಾರವಾಡಕ್ಕೆ ಕರೆತಂದರು. ಎರಡು ಕ್ಯಾಮೆರಾ, ಮೂರು ಗೀರು ಬಿದ್ದ ತಾಟು, ನೆಗೆಟಿವ್‌ಗಳ ಬೂಟಿನ ಡಬ್ಬಿ, ಲೆಡ್ಜರು ಎಲ್ಲ ಒಂದು ಟ್ರಂಕಿಗೆ ಹೋದವು. ಅದೇ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಹೋಮಾಯಿ ವ್ಯಾರವಾಲಾ, ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ, 1970ರಲ್ಲಿ ಕ್ಯಾಮೆರಾ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲವಂತೆ. ವಡೋದರೆಯಲ್ಲಿ ತೋಟ ನೋಡಿಕೊಂಡು ಇದ್ದು 2012ರಲ್ಲಿ ತೀರಿಕೊಂಡರು. ಅವರ ಕಾರಣ ಬೇರೆ, ಎತ್ತರ ಬೇರೆ. ಆದರೂ ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಟ್ರಂಕಿಗೆ ಬೀಗ ಹಾಕುತ್ತಿದ್ದ ಅಪ್ಪನ ಕೈ. ಅಷ್ಟರಲ್ಲಿ ಅಪ್ಪನೂ ಹೋಗಿ ಮೂರು ವರ್ಷವಾಗಿತ್ತು.

ನವರಂಗಪುರಕ್ಕೆ ನಾನು ಒಮ್ಮೆ ಹೋಗಿಬಂದೆ. ಸೊಸೈಟಿಯ ಹೆಸರು ಇದೆ, ಸೊಸೈಟಿ ಇಲ್ಲ. ಹದಿನಾಲ್ಕು ಮನೆಗಳ ಜಾಗದಲ್ಲಿ ಗಾಜಿನ ಕಟ್ಟಡ. ಬೇವಿನ ಮರ ಇದ್ದ ಕಡೆ ಕಾರುಗಳು ನೆಲದೊಳಗೆ ಇಳಿಯುವ ಇಳಿಜಾರು. ಸಾಬರಮತಿಯ ಮರಳಿಗೆ ಕಾಂಕ್ರೀಟಿನ ದಂಡೆ ಬಂದಿದೆ. ಹೆಚ್ಚು ಹೊತ್ತು ನಿಲ್ಲಲಿಲ್ಲ.

ಟ್ರಂಕು ತೆರೆಯುವ ಧೈರ್ಯ ಬಂದದ್ದು ಬೆಂಗಳೂರಿನಲ್ಲಿ. 2023ರ ಫೆಬ್ರುವರಿಯಲ್ಲಿ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಹೊಸ ಮ್ಯೂಸಿಯಂ 'ಮ್ಯಾಪ್' ತೆರೆಯಿತು. ತೆರೆದಾಗಿನ ಪ್ರದರ್ಶನಗಳಲ್ಲಿ ಒಂದು ವಡೋದರೆಯ ಜ್ಯೋತಿ ಭಟ್ಟರದು, 'ಟೈಮ್ ಅಂಡ್ ಟೈಮ್ ಅಗೇನ್'. 1934ರಲ್ಲಿ ಭಾವನಗರದಲ್ಲಿ ಹುಟ್ಟಿ, ವಡೋದರೆಯ ಲಲಿತಕಲಾ ಕಾಲೇಜಿನಲ್ಲಿ ಕಲಿತು ಅಲ್ಲಿಯೇ ಕಲಿಸಿದವರು. ಹಳ್ಳಿಯ ಗೋಡೆಚಿತ್ರ, ರಂಗೋಲಿಗಳು ಅಳಿಯುವ ಮೊದಲು ಹಿಡಿದಿಡಬೇಕೆಂದು ಅರವತ್ತರ ದಶಕದ ಕೊನೆಯಿಂದ ಕ್ಯಾಮೆರಾ ಹೊತ್ತು ತಿರುಗಿದವರು. ಒಂದರ ಮೇಲೊಂದು ಚಿತ್ರ ಕೂಡಿಸುವ ಪ್ರಯೋಗಗಳನ್ನೂ ಮಾಡಿದವರು. ಅವರು ವಡೋದರೆಯಲ್ಲಿ ಅದನ್ನೆಲ್ಲ ಮಾಡುತ್ತಿದ್ದ ವರ್ಷಗಳಲ್ಲೇ ಅಪ್ಪ ನೂರು ಕಿಲೋಮೀಟರು ಆಚೆ, ಬಚ್ಚಲುಮನೆಯಲ್ಲಿ ಕೂತು, 'ವ್ಯರ್ಥ' ಎಂದು ಬರೆಯುತ್ತಿದ್ದರು. ಭಟ್ಟರ ಹೆಸರನ್ನು ಅವರು ಕೇಳಿರಲಾರರು. ಭಟ್ಟರು ಕಲಾವಿದರು, ಅಪ್ಪ ಗುಮಾಸ್ತರು, ಹೋಲಿಸುವ ಮಾತಿಲ್ಲ. ಆದರೆ ಆ ಗೋಡೆಗಳ ಮುಂದೆ ನಿಂತಾಗ ನನಗೆ ಒಂದೇ ಯೋಚನೆ: ಏಳನೆಯ ನಂಬರು ಎಲ್ಲಿದೆ?

ಧಾರವಾಡಕ್ಕೆ ಹೋಗಿ ಟ್ರಂಕು ತೆರೆದೆ. ಮಲೆನಾಡ ಸೆರಗಿನ ಮಳೆಗಾಲಗಳು ಯಾಶಿಕಾದ ಕಣ್ಣಿನೊಳಗೆ ಜೇಡರ ಬಲೆಯಂತೆ ಬೂಷ್ಟು ಬೆಳೆಸಿದ್ದವು. ಆಗ್ಫಾ ಇನ್ನೂ ಕ್ಲಿಕ್ ಎಂದಿತು. ಲೆಡ್ಜರಿನ ಕೊನೆಯ ಸಾಲು ದಿನಾಂಕ ಬರೆದು, ಸ್ಥಳ ಬರೆದು, 'ವಿಷಯ'ದ ಕಾಲಮ್ಮಿನ ಮುಂದೆ ನಿಂತುಬಿಟ್ಟಿತ್ತು. ಹಿಂದೆ ತಿರುವಿದೆ. 1976. ಅ. ನಂ. 7. 'ಧಾರವಾಡ ಮನೆ / ನವರಂಗಪುರ, ಸೌ. ಸುತ್ತುವುದು ಮರೆತಿದೆ. ವ್ಯರ್ಥ.' ಆ 'ವ್ಯರ್ಥ'ದ ಮೇಲೆ ಪೆನ್ಸಿಲಿನ ಒಂದು ತೆಳು ಗೆರೆ ಎಳೆದಿತ್ತು. ಪಕ್ಕದಲ್ಲಿ, ದೋಬಿ ಲೆಕ್ಕದಲ್ಲಿಯೂ ಹಾಲಿನ ಲೆಕ್ಕದಲ್ಲಿಯೂ ನಾನು ಕಂಡ ಗುಂಡನೆಯ ಅಕ್ಷರಗಳಲ್ಲಿ ಒಂದು ಮಾತು: 'ಇರಲಿ.'

ಬೂಟಿನ ಡಬ್ಬಿಯ ತಳದಲ್ಲಿ ಆ ನೆಗೆಟಿವ್ ಇತ್ತು. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡುವ ಒಂದು ಅಂಗಡಿಗೆ ಕೊಟ್ಟು, ದೊಡ್ಡದಾಗಿ ಒಂದು ಪ್ರತಿ ಮಾಡಿಕೊಡಲು ಹೇಳಿ ಬಂದೆ. ಎರಡು ದಿನ ಬಿಟ್ಟು ಹೋದಾಗ ಅಲ್ಲಿಯ ಹುಡುಗ ಉತ್ಸಾಹದಿಂದ ಎದ್ದು ಬಂದ. "ನೆಗೆಟಿವ್ ಡಬಲ್ ಆಗಿತ್ರಿ ಸರ್. ಎಲ್ಲಾ ಕ್ಲೀನ್ ಮಾಡೀನಿ. ಈಗ ಕಂಪ್ಯೂಟರ್‌ಗೆ ಹೇಳಿದ್ರ ತಾನ ಮಾಡ್ತದರಿ. ಅದಕ್ಕೇನ ಬ್ಯಾರೆ ರೊಕ್ಕ ಬ್ಯಾಡ್ರಿ."

ಅವ್ವ ಹೀಂಚ್ಕೊದ ಮೇಲೆ ಕೂತಿದ್ದಳು. ಮುಖ ನಿಚ್ಚಳ. ಕಣ್ಣಿನಲ್ಲಿ ನಗುವಿನ ಶುರು. ಹಿಂದೆ ಮೆತ್ತನೆಯ ಬೂದು ಗೋಡೆ. ಸೀರೆ ಒಂದು ಸುಕ್ಕಿಲ್ಲದ ಕಪ್ಪು. ಮೆಟ್ಟಿಲಿಲ್ಲ, ಮೊರವಿಲ್ಲ, ಬಾಗಿಲಿಲ್ಲ. ನಲವತ್ತು ವರ್ಷ ತಡವಾಗಿ, ಹಾರ ಹಾಕಲು ಬರುವಂಥ ಫೋಟೋ. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಏನು ಹೇಳಲಿ? ಅಜ್ಜಿಯ ಮನೆಯನ್ನು ಮಾರುವಾಗ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಧ ದಿನ ಹಿಡಿದಿತ್ತು, ಇವನ ಯಂತ್ರಕ್ಕೆ ಒಂದು ನಿಮಿಷವೂ ಬೇಕಾಗಿರಲಿಕ್ಕಿಲ್ಲ. "ಛಲೋ ಆಗ್ಯದಪ್ಪಾ" ಎಂದು ದುಡ್ಡು ಕೊಟ್ಟು, ನೆಗೆಟಿವನ್ನು ಕೇಳಿ ಇಸಿದುಕೊಂಡು ಬಂದೆ.

ಸಂಜೆ ತಂಗಿ ಬಂದಿದ್ದಳು. ಹೊಸ ಫೋಟೋ ನೋಡಿ ಕಣ್ಣೊರೆಸಿಕೊಂಡಳು. ಗೋಡೆಯ ಮೇಲಿನ ನೀಲಿ ಸೀರೆಯವಳನ್ನು ಇಳಿಸಿ ಇದನ್ನು ಹಾಕೋಣ ಎಂದಳು. ಹಾಕಬಹುದು. ನಾನು ಏನೂ ಹೇಳದೆ ನೆಗೆಟಿವನ್ನು ಅಂಚಿನಲ್ಲಿ ಹಿಡಿದು ಪಡುವಣ ಕಿಟಕಿಗೆ ಎತ್ತಿದೆ. ಆಕಾಶ ಕಪ್ಪಗಿತ್ತು. ಸೀರೆಯೊಳಗೆ ಮೆಟ್ಟಿಲುಗಳಿದ್ದವು, ಮೆಟ್ಟಿಲ ಮೇಲೆ ಸಂಡಿಗೆಯ ಮೊರ ಇತ್ತು. ಬಾಗಿಲಲ್ಲಿ ಒಂದು ಪುಟ್ಟ ಮುಖ. ಸುತ್ತ ಸಂಜೆಯ ಬಿಸಿಲು ಹೊಕ್ಕು ಹೊಳೆಯುತ್ತಿದ್ದ ಕೂದಲು.

ತಂಗಿ ನನ್ನ ಹೆಗಲ ಮೇಲಿಂದ ಇಣುಕಿದಳು. ಅವಳಿಗೆ ಈಗ ಐವತ್ತು ದಾಟಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಅಣ್ಣಾ," ಎಂದಳು, "ಅವ್ವ ಅಜ್ಜಿ ಆಗ್ಯಾಳ."